ಪರದೆಯ ಹಿಂದಿನ ಸ್ಟೂಲು

ನಾಟಕ ವಿಭಾಗದಲ್ಲಿ ಅವಳನ್ನು ಎಲ್ಲರೂ ಪಿಸುಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕಿವಿಗೆ ಬೀಳುತ್ತಿತ್ತು. ಅದಕ್ಕೆ ಅವಳು ಕೊಟ್ಟ ಉತ್ತರ ಮೇಷ್ಟ್ರ ತನಕ ಹೋಗದೆ ಎಷ್ಟೋ ದಿನ ಗೈರುಹಾಜರಿ ಬಿದ್ದದ್ದುಂಟು. "ಇದ್ದೀನಿ ಸರ್, ಇಲ್ಲೇ ಇದ್ದೀನಿ" ಎಂದು ಅವಳು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಇನ್ಯಾರದೋ ಹೆಸರಿಗೆ ದಾಟಿರುತ್ತಿದ್ದರು.

ಆ ದನಿ ಹುಟ್ಟಿನಿಂದ ಬಂದದ್ದಲ್ಲ, ಮನೆಯಿಂದ ಬಂದದ್ದು. ಅವಳಪ್ಪ ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ಕಾಯುವವನು, ಯಾವಾಗಲೂ ರಾತ್ರಿ ಪಾಳಿ. ಹಗಲೆಲ್ಲ ಮಲಗಬೇಕು. ಮನೆಯೆಂದರೆ ಒಂದೇ ಕೋಣೆ, ಮಧ್ಯಕ್ಕೆ ಒಂದು ಹಳೆಯ ಚಾದರ ಇಳಿಬಿಟ್ಟಿದ್ದರು. ಆ ಚಾದರದ ಆಚೆ ಅಪ್ಪ ಮಲಗಿದ್ದರೆ ಈಚೆ ಉಸಿರು ಕೂಡ ತುದಿಗಾಲಲ್ಲಿ ನಡೆಯಬೇಕು. ಅಮ್ಮ ಬದುಕಿದ್ದಷ್ಟು ಕಾಲವೂ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಇದ್ದಳು. ಹೋಗುವಾಗಲೂ ಸದ್ದು ಮಾಡದೆ ಹೋದಳು. ಅಣ್ಣ ತಂಗಿ ಜುಟ್ಟು ಹಿಡಿದು ಜಗಳವಾಡಿದರೂ ಪಿಸುಮಾತಿನಲ್ಲೇ. ಗಂಡುಹುಡುಗ ಬೀದಿಯಲ್ಲಿ ಬೆಳೆದ, ಅಲ್ಲಿ ಕೂಗಾಡಿ ಗಂಟಲು ಬಲಿಸಿಕೊಂಡ. ಹುಡುಗಿಗೆ ಬೀದಿ ಸಿಗಲಿಲ್ಲ. ಅವಳು ಪಿಸುಮಾತನ್ನೇ ಪಳಗಿಸಿಕೊಂಡಳು. ಒಲೆಯ ಮುಂದೆ ಕೂತು ಬಾಗಿಲ ಹತ್ತಿರ ನಿಂತ ಅಣ್ಣನಿಗೆ ಒಂದು ಮಾತು ಹೇಳಿದಳೆಂದರೆ, ಸೂಜಿಯ ಕಣ್ಣಿಗೆ ದಾರ ಹೊಕ್ಕ ಹಾಗೆ ಅದು ಅವನ ಕಿವಿಗೇ ಹೊಗುತ್ತಿತ್ತು. ಚಾದರ ಮಿಸುಕಾಡುತ್ತಿರಲಿಲ್ಲ.

ಇಂಥವಳಿಗೆ ನಾಟಕದ ಹುಚ್ಚು ಹಿಡಿದದ್ದು ಹೇಗೆಂದರೆ, ಶಾಲೆಯಿಂದ ಒಮ್ಮೆ ಮಕ್ಕಳನ್ನೆಲ್ಲ ಸಾಲಾಗಿ ಒಂದು ನಾಟಕಕ್ಕೆ ಕರೆದುಕೊಂಡು ಹೋಗಿದ್ದರು. ರಂಗದ ಮೇಲೆ ಒಬ್ಬ ಹೆಂಗಸು ಕತ್ತಿನ ನರ ಉಬ್ಬುವಂತೆ ಕಿರುಚಿದಳು. ಅಷ್ಟು ಜನ ಕೂತಿದ್ದರು, ಒಬ್ಬರೂ 'ಶ್' ಅನ್ನಲಿಲ್ಲ! ಕಿರುಚಿದ್ದಕ್ಕೆ ಚಪ್ಪಾಳೆ ಬೇರೆ ತಟ್ಟಿದರು. ಹುಡುಗಿ ಬಾಯಿ ತೆರೆದುಕೊಂಡು ನೋಡಿದ್ದೇ ನೋಡಿದ್ದು. ಅವತ್ತೇ ಅವಳ ತಲೆಗೆ ಹುಳ ಹೊಕ್ಕಿತು.

ಅವಳು ವಿಶ್ವವಿದ್ಯಾಲಯಕ್ಕೆ ಹೊರಟು ನಿಂತಾಗ ಅಣ್ಣ ಇಸ್ತ್ರಿ ಅಂಗಡಿ ಇಟ್ಟಿದ್ದ, ಮದುವೆಯೂ ಆಗಿತ್ತು. ಸುದ್ದಿ ಕೇಳಿ ಅತ್ತಿಗೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ನಕ್ಕಳು.

"ನಾಟಕಾನಾ? ಪಕ್ಕದಲ್ಲಿ ಕೂತಿರೋ ನನಗೇ ನಿನ್ನ ಮಾತು ಕೇಳ್ಸಲ್ಲ. ಟಿಕೆಟ್ ತಗೊಂಡು ಹಿಂದುಗಡೆ ಕೂತವರ ಗತಿ ಏನೇ ಪಾಪ?"

ಅಣ್ಣ ನಗಲಿಲ್ಲ. "ಹೋಗ್ಲಿ ಬಿಡು," ಎಂದ. "ಓದು ಮುಗ್ಸಿ ಅವರ ತಂಡಕ್ಕೆ ಸೇರ್ಕೊಂಡ್ರೆ ಸರಿ, ಇಲ್ಲಾಂದ್ರೆ ಇಲ್ಲಿ ಎರಡನೇ ಇಸ್ತ್ರಿ ಮೇಜು ಖಾಲಿ ಇದೆ. ಆಮೇಲೆ ಮುಖ ಊದಿಸ್ಕೊಂಡು ನಿಲ್ಲಬಾರ್ದು, ಅಷ್ಟೇ."

ತಂಡ ಎಂದರೆ ವಿಭಾಗದ್ದೇ ತಿರುಗಾಟದ ತಂಡ. ವರ್ಷವಿಡೀ ಊರೂರು ಸುತ್ತಿ ನಾಟಕ ಆಡುತ್ತಿತ್ತು. ಓದು ಮುಗಿಸಿದವರಲ್ಲಿ ಒಬ್ಬಿಬ್ಬರನ್ನು ಪ್ರತಿ ವರ್ಷ ಅದಕ್ಕೆ ಸೇರಿಸಿಕೊಳ್ಳುತ್ತಿದ್ದರು. ಆದರೆ ಕೊನೆಯ ವರ್ಷ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಒಂದು ಪೂರ್ತಿ ಪಾತ್ರ ಮಾಡಿ ಸೈ ಎನಿಸಿಕೊಂಡವರಿಗೆ ಮಾತ್ರ ಆ ಭಾಗ್ಯ. ಪಿಸುಮ್ಮ ತನ್ನ ಬದುಕನ್ನೆಲ್ಲ ಗಂಟುಕಟ್ಟಿ ಆ ಒಂದು ಮೊಳೆಗೆ ನೇತುಹಾಕಿದಳು.

ಮೊದಲ ವರ್ಷ ಮೇಷ್ಟ್ರು ಅವಳನ್ನು ನೀರಿನ ಟ್ಯಾಂಕಿನ ಗೋಡೆಯ ಮುಂದೆ ನಿಲ್ಲಿಸಿ ದಿನಾ ಕೂಗಿಸಿದರು. "ಗಂಟಲಿಂದ ಅಲ್ಲಮ್ಮ, ಹೊಟ್ಟೆಯಿಂದ! ಹೊಟ್ಟೆಯಲ್ಲಿ ಏನಿಟ್ಕೊಂಡಿದ್ದೀಯಾ, ಹತ್ತೀನಾ?" ಹಾಸ್ಟೆಲಿನಲ್ಲಿ ಅವಳ ಜೊತೆ ಕೋಣೆಯಲ್ಲಿದ್ದ ಹುಡುಗಿ ಪಾತ್ರಧಾರಿಗಳಿಗೆ ಬಣ್ಣ ಹಚ್ಚುವುದನ್ನು ಕಲಿಯುತ್ತಿದ್ದವಳು, ಬಾಯಿ ಜೋರು. ಅವಳು ಟ್ಯಾಂಕಿನ ಮೇಲೆ ಕೂತಿದ್ದ ಕಾಗೆಯನ್ನು ತೋರಿಸಿ, "ನಿನ್ನ ಕೂಗಿಗೆ ಆ ಕಾಗೆ ಹಾರ್ಬೇಕು ನೋಡು, ಅವತ್ತು ನೀನು ಪಾಸು," ಎನ್ನುತ್ತಿದ್ದಳು. ಕಾಗೆ ಕತ್ತು ಓರೆ ಮಾಡಿ ಕೇಳುತ್ತಿತ್ತು. ಕೂತ ಜಾಗ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಮೊದಲ ನಾಟಕ ಬಂತು. ರಾಜನ ಪಾತ್ರ ಮಾಡಿದ ಹುಡುಗ ನೋಡಲು ಎತ್ತರದ ಆಳು, ಕಂಚಿನಂಥ ಕಂಠ; ತಲೆ ಮಾತ್ರ ತೂತು ಬಿದ್ದ ಕೊಡ. ಎಷ್ಟು ತುಂಬಿದರೂ ಮಾತು ಸೋರಿ ಹೋಗುತ್ತಿತ್ತು. ಸಿಂಹಾಸನದ ಮೇಲೆ ಕೂತವನು ಇದ್ದಕ್ಕಿದ್ದಂತೆ ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜತೊಡಗಿದ. ಮಾತು ಮರೆತಾಗ ಅವನು ಮಾಡುವುದೇ ಹಾಗೆ. ಪರದೆಯ ಹಿಂದೆ ಬೇರೆಯವರ ಉಡುಪು ಹಿಡಿದು ಸ್ಟೂಲಿನ ಮೇಲೆ ಕೂತಿದ್ದ ಪಿಸುಮ್ಮ ತನಗೇ ಗೊತ್ತಿಲ್ಲದೆ ಆ ಮಾತನ್ನು ಉಸುರಿದಳು. ಅದು ನೇರ ಅವನ ಕಿವಿಗೆ ಹೋಯಿತು. ಅವನು ಗುಡುಗಿದ. ಮುಂದಿನ ಸಾಲಿನವರಿಗೂ ಏನೂ ಗೊತ್ತಾಗಲಿಲ್ಲ.

ಪರದೆ ಬಿದ್ದ ಮೇಲೆ ಮೇಷ್ಟ್ರು ಓಡಿ ಬಂದರು. "ಯಾರೇ ಅದು ಹೇಳಿಕೊಟ್ಟಿದ್ದು? ನೀನಾ? ಎಲಾ ಇವಳ! ಇಂಥ ಪ್ರಾಂಪ್ಟರನ್ನ ನಾನು ಹುಟ್ಟಿದಾಗಿಂದ ಕಂಡಿಲ್ಲ!"

ಯಾರೂ ಅವಳನ್ನು ಅಷ್ಟು ಹೊಗಳಿರಲಿಲ್ಲ. ಅವಳು ಹಿಗ್ಗಿ ಹೂವಾದಳು. ಆ ಹಿಗ್ಗಿನಲ್ಲೇ ಸ್ಟೂಲು ಅವಳಿಗೆ ಅಂಟಿಕೊಂಡಿತು. ಆಮೇಲಿನ ಯಾವ ನಾಟಕವಾಗಲಿ, ಪಾತ್ರ ಹಂಚುವಾಗ ಮೇಷ್ಟ್ರು ಅವಳ ಕಡೆ ತಿರುಗಿ, "ಪಿಸುಮ್ಮ, ಇದೊಂದು ಸಲ ಪರದೆ ಹಿಂದೆ ಕೂತುಬಿಡಮ್ಮ, ನೀನಿಲ್ದೆ ಇವರ್ಯಾರೂ ದಡ ಸೇರಲ್ಲ. ಮುಂದಿನ ಸಲ ನಿಂಗೇ ಪಾತ್ರ," ಎನ್ನುತ್ತಿದ್ದರು. ಮುಂದಿನ ಸಲ ಎನ್ನುವುದು ಮುಂದೆಯೇ ಹೋಗುತ್ತಿತ್ತು.

ರಾಜನಾದ ಹುಡುಗನಿಗೆ ದೊರೆ ಎಂದೇ ಹೆಸರು ನಿಂತಿತು. "ನೀನಿರುವಾಗ ನಾನ್ಯಾಕೆ ಓದಿ ಸಾಯ್ಲಿ ಪಿಸುಮ್ಮಾ?" ಎಂದು ಅವಳ ತಲೆ ಸವರಿ ಹೋಗುತ್ತಿದ್ದ. ಅವನ ಹೆಬ್ಬೆರಳು ಅಲುಗಿದರೆ ಸಾಕು, ಅವಳ ತುಟಿ ಅಲುಗುತ್ತಿತ್ತು. ಎಲ್ಲರ ಮಾತೂ ಅವಳಿಗೆ ಬಾಯಿಪಾಠ. ಊಟದ ಕೋಣೆಯಲ್ಲಿ ತಟ್ಟೆ ಹಿಡಿದು ನಿಂತಾಗಲೂ ತುಟಿ ತಾನೇ ಆಡುತ್ತಿರುತ್ತಿತ್ತು. "ಯಾರ ಪಾತ್ರ ಅಗೀತಿದ್ದೀಯೇ? ಅನ್ನ ಅಗಿ," ಎಂದು ಬಣ್ಣದ ಹುಡುಗಿ ಮೊಣಕೈಯಿಂದ ತಿವಿಯುತ್ತಿದ್ದಳು.

ಕೊನೆಯ ವರ್ಷ ಬಂತು. ಈಗ ಪಾತ್ರ ಕೊಡದೆ ಗತ್ಯಂತರವಿಲ್ಲ, ನಿಯಮವೇ ಹಾಗೆ. ಅವಳಿಗೆ ಸಿಕ್ಕಿದ್ದು ಒಬ್ಬ ತಾಯಿಯ ಪಾತ್ರ, ಮಗನಾಗಿ ದೊರೆ. ಇಬ್ಬರು ಗಂಡುಮಕ್ಕಳು ದೋಣಿಯಲ್ಲಿ ಹೋಗಿರುತ್ತಾರೆ, ಒಬ್ಬನೇ ತಿರುಗಿ ಬರುತ್ತಾನೆ. ಇನ್ನೊಬ್ಬನೆಲ್ಲಿ ಎಂದು ತಾಯಿ ಕೇಳುತ್ತಲೇ ಇರುತ್ತಾಳೆ, ಮಗ ಏನೇನೋ ಹೇಳಿ ಜಾರಿಕೊಳ್ಳುತ್ತಾನೆ. ಕೊನೆಗೆ ಮೇಜಿನ ಮುಂದೆ ಎದುರುಬದುರು ಕೂತಾಗ ಬಾಯಿಬಿಡುತ್ತಾನೆ: "ಹಗ್ಗ ನಾನೇ ಬಿಟ್ಟೆ ಅಮ್ಮಾ." ನೀರಿಗೆ ಬಿದ್ದವನನ್ನು ಹಿಡಿದಿದ್ದ ಹಗ್ಗ ಅದು. ಆ ಮಾತು ಕೇಳಿ ತಾಯಿ ಕಿರುಚಬೇಕು. ನಾಟಕವೆಲ್ಲ ಆ ಒಂದು ಕಿರುಚಿಗಾಗಿ ಕಾದು ಕೂತಂತಿತ್ತು.

ಪಿಸುಮ್ಮ ಮತ್ತೆ ಟ್ಯಾಂಕಿನ ಗೋಡೆಗೆ ಹೋದಳು. ಬಿಸಿಲೆನ್ನದೆ ಗಾಳಿಯೆನ್ನದೆ ಕೂಗಿದಳು. ಗಂಟಲು ಒಡೆದು ರಕ್ತದ ರುಚಿ ಬಂದರೂ ಬಿಡಲಿಲ್ಲ. ಒಂದು ಮಧ್ಯಾಹ್ನ ಅವಳ ಹೊಟ್ಟೆಯ ಬುಡದಿಂದ ಎಂಥದೋ ಸದ್ದು ಎದ್ದುಬಂತು. ಅವಳೇ ಬೆಚ್ಚಿದಳು. ಟ್ಯಾಂಕಿನ ಮೇಲಿದ್ದ ಕಾಗೆ ಎದ್ದು ಹಾರಿತು. ಬಣ್ಣದ ಹುಡುಗಿ ಬಂದು ಅವಳನ್ನು ಬಿಗಿಯಾಗಿ ಅಪ್ಪಿಕೊಂಡು, "ಹಾರ್ತು ಕಣೇ! ಹಾರೇ ಹೋಯ್ತು!" ಎಂದು ಕುಣಿದಳು.

ತೊಂದರೆ ಇದ್ದದ್ದು ತುಟಿಯದು. ತಾಲೀಮಿನಲ್ಲಿ ದೊರೆ ಮಾತಾಡುವಾಗೆಲ್ಲ ಎದುರಿಗೆ ಕೂತ ಇವಳ ತುಟಿಯೂ ಅವನ ಜೊತೆಗೆ ಅಲುಗುತ್ತಿತ್ತು. ಮೇಷ್ಟ್ರು ತಲೆ ಚಚ್ಚಿಕೊಂಡರು. "ನೀನು ತಾಯಿ ಕಣಮ್ಮ! ಅವನು ಏನು ಹೇಳ್ತಾನೆ ಅಂತ ನಿಂಗೆ ಗೊತ್ತಿಲ್ಲ! ತುಟಿ ಮುಚ್ಚು!" ಅವಳು ಹಳೆಯ ಕೋಟಿನ ಒಂದು ಗುಂಡಿ ಕಿತ್ತು ಹಲ್ಲಿನ ನಡುವೆ ಕಚ್ಚಿಕೊಂಡು ಅಭ್ಯಾಸ ಮಾಡಿದಳು. ತನ್ನ ಮಾತು ಬಂದಾಗ ನಾಲಗೆಯಿಂದ ಕೆನ್ನೆಗೆ ತಳ್ಳುವುದು, ಮುಗಿದ ಮೇಲೆ ಮತ್ತೆ ಕಚ್ಚುವುದು. ಕ್ರಮೇಣ ತುಟಿ ನಿಂತಿತು. ಮೇಷ್ಟ್ರು ನಿಟ್ಟುಸಿರು ಬಿಟ್ಟರು.

ಪರೀಕ್ಷೆಯ ಸಂಜೆ ಗುಂಡಿಯನ್ನು ಬಣ್ಣದ ಹುಡುಗಿಯ ಕೈಗೆ ಕೊಟ್ಟಳು. ಕಿರುಚುವಾಗ ಗಂಟಲಿಗೆ ಸಿಕ್ಕಿಕೊಂಡರೆ? ಪರೀಕ್ಷೆಯಲ್ಲಿ ಹೇಳಿಕೊಡುವಂತಿಲ್ಲ, ಹಾಗಾಗಿ ಪರದೆಯ ಹಿಂದಿನ ಸ್ಟೂಲು ಖಾಲಿ. ಒಳಗೆ ಹೋಗುವಾಗ ಅವಳು ಅದನ್ನು ಒಮ್ಮೆ ನೋಡಿದಳು. ಎದುರಿಗೆ ಪರೀಕ್ಷಕಿ, ಬಿಳಿ ಕೂದಲಿನ ಹಳೆಯ ನಟಿ, ಕೈಕಟ್ಟಿ ಕೂತಿದ್ದಳು.

ನಾಟಕ ನಯವಾಗಿ ಸಾಗಿತು. ಪಿಸುಮ್ಮನ ಮಾತು ಕೊನೆಯ ಸಾಲಿಗೂ ಮುಟ್ಟಿತು. ಪರೀಕ್ಷಕಿ ಕಟ್ಟಿದ ಕೈ ಬಿಚ್ಚಿ ಮುಂದಕ್ಕೆ ಬಾಗಿದಳು. ಕೊನೆಯ ದೃಶ್ಯ ಬಂತು. ತಾಯಿ ಮಗ ಮೇಜಿನ ಎದುರುಬದುರು.

"ಹೇಳು ಮಗನೇ. ಅವನೆಲ್ಲಿ?"

ದೊರೆ ತಲೆ ತಗ್ಗಿಸಿದ. ಮಾತಾಡಲಿಲ್ಲ. ತಾಲೀಮಿನಲ್ಲಿ ಇಲ್ಲಿ ಒಂದು ಉಸಿರಿನಷ್ಟು ಬಿಡುವಿತ್ತು. ಈಗ ಆ ಉಸಿರು ಕಳೆಯಿತು, ಇನ್ನೊಂದೂ ಕಳೆಯಿತು. ಇಡೀ ಸಭೆ ಕಲ್ಲಾಗಿ ಕೂತಿತ್ತು. ಮೇಜಿನ ಮೇಲಿದ್ದ ಅವನ ಕೈಯಲ್ಲಿ ಹೆಬ್ಬೆರಳು ಮೆಲ್ಲಗೆ ತೋರುಬೆರಳನ್ನು ಉಜ್ಜತೊಡಗಿತು.

ಅಷ್ಟೇ. ಅವಳು ಯೋಚಿಸಲಿಲ್ಲ. ಉಕ್ಕುವ ಹಾಲಿಗೆ ಕೈ ಹೋದ ಹಾಗೆ ಹೋಯಿತು ಬಾಯಿ.

"ಹಗ್ಗ ನಾನೇ ಬಿಟ್ಟೆ ಅಮ್ಮಾ," ಎಂದು ಉಸುರಿದಳು ತಾಯಿ.

ಪರದೆಯ ಹಿಂದಿನಿಂದ ಒಬ್ಬನ ಕಿವಿಗೆ ಮಾತ್ರ ಹೋಗುವ ಪಿಸುಮಾತು, ಸಭೆಗೆ ಮುಖ ಮಾಡಿ, ದೀಪದ ಕೆಳಗೆ, ಆ ನಿಶ್ಶಬ್ದದಲ್ಲಿ ಹೇಳಿದರೆ? ಒಂದೊಂದು ಅಕ್ಷರವೂ ಎಲ್ಲರಿಗೂ ಮುಟ್ಟಿತು. ಎಲ್ಲೋ ಒಬ್ಬ ಕಿಸಕ್ಕೆಂದ. ಪಕ್ಕದವನು ಬಾಯಿಗೆ ಕೈ ಅಡ್ಡ ಹಿಡಿದ. ಆಮೇಲೆ ನಗು ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು. ದೊರೆ ತಲೆಯೆತ್ತಿದ. ಅವನ ಕಣ್ಣ ತುಂಬ ನೀರಿತ್ತು, ನಿಜವಾದ ನೀರು. "ಹಗ್ಗ ನಾನೇ ಬಿಟ್ಟೆ ಅಮ್ಮಾ," ಎಂದು ಅವನೂ ಹೇಳಿದ. ಆಗ ನಗು ಇನ್ನೂ ಜೋರಾಯಿತು.

ಈಗ ಅವಳು ಕಿರುಚಬೇಕು. ಬಾಯಿ ತೆರೆದಳು. ಕತ್ತಿನ ನರ ಉಬ್ಬಿತು. ಗಾಳಿ ಬಂತು, ಬರೀ ಗಾಳಿ. ಪರದೆ ಎಳೆದುಬಿಟ್ಟರು.

ಪರದೆಯ ಹಿಂದೆ ದೊರೆ ಅವಳ ಭುಜ ಹಿಡಿದು ಅಲ್ಲಾಡಿಸಿದ. "ನಾನು ಮರ್ತಿರ್ಲಿಲ್ಲ ಕಣೇ! ಹುಟ್ಟಿದ ಮೇಲೆ ಮೊದಲ್ನೇ ಸಲ ನಂಗೆ ಎಲ್ಲಾ ನೆನಪಿತ್ತು!"

"ಬೆರಳು ಉಜ್ಜಿದ್ಯಲ್ಲೋ..."

"ಅದು ನಾಟಕದ ಮಗ ಉಜ್ಜಿದ್ದು, ನಾನಲ್ಲ!" ಎಂದವನು ಅವಳ ಮುಖ ನೋಡಿ ಕೈ ಬಿಟ್ಟ. ಗೋಡೆಗೆ ತಿರುಗಿ ನಿಂತುಕೊಂಡ.

ಕೆಲವು ದಿನಗಳ ಮೇಲೆ ಮೇಷ್ಟ್ರು ಅವಳನ್ನು ಕರೆಸಿದರು. ದೀಪದ ತಂತಿ ಸುತ್ತುತ್ತಾ ಕೂತಿದ್ದರು, ತಲೆಯೆತ್ತಲಿಲ್ಲ. "ಅವನಿಗೆ ತಂಡದಲ್ಲಿ ಜಾಗ ಆಯ್ತಮ್ಮ. ನಿಂದು... ತಾಯಿಗೆ ಮೊದಲೇ ಗೊತ್ತಿದ್ರೆ ಇನ್ನು ನಾಟಕ ಏನುಳೀತು ಅಂದ್ರು ಪರೀಕ್ಷೆಗೆ ಬಂದಿದ್ದ ಆಯಮ್ಮ. ಅಭಿನಯದಲ್ಲಿ ಪಾಸು ಮಾಡಲಿಲ್ಲ."

"ಇನ್ನೊಂದು ಸಲ ಕೊಡಲ್ವಾ ಸರ್?"

"ಒಂದೇ ಸಲ ಅಲ್ವೇನಮ್ಮ ಅದು."

ಅವಳು ಬಾಗಿಲ ತನಕ ಹೋಗಿ ತಿರುಗಿ ಬಂದಳು. "ಸರ್, ತಂಡಕ್ಕೆ ಪ್ರಾಂಪ್ಟರ್ ಆದ್ರೂ ಬೇಡ್ವಾ?"

ಮೇಷ್ಟ್ರ ಕೈಯಲ್ಲಿ ತಂತಿ ಸಿಕ್ಕಾಯಿತು. "ಈಗೆಲ್ಲಾ ಕಿವೀಲಿ ಒಂದು ಸಣ್ಣ ಯಂತ್ರ ಸಿಕ್ಕಿಸ್ತಾರಮ್ಮ," ಎಂದರು. "ಜನ ಬೇಕಾಗಲ್ಲ." ಸಿಕ್ಕು ಬಿಡಿಸುತ್ತಾ, ಯಾರಿಗೋ ಹೇಳುವಂತೆ, "ನಿನ್ನ ಆ ಸ್ಟೂಲಿನ ಮೇಲೆ ಕೂರಿಸ್ಲೇಬಾರ್ದಿತ್ತು ನಾನು," ಎಂದರು. ಆ ಮಾತು ಕಟ್ಟಿಕೊಂಡು ಅವಳು ಏನು ಮಾಡಬೇಕು?

ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದಳು. ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪ ಮಂಚದ ಮೇಲೆ ಕೂತಿದ್ದ. ಕೆಲಸ ಬಿಟ್ಟು ವರ್ಷಗಳಾಗಿದ್ದವು. ಕುಲುಮೆಯ ಮೊರೆತ ಅವನ ಕಿವಿಯನ್ನು ಪೂರ್ತಿ ತಿಂದುಹಾಕಿತ್ತು.

"ಏನಾಯ್ತೇ ನಿನ್ನ ನಾಟಕ?"

"ಫೇಲಾದೆ ಅಪ್ಪ."

"ಏನು? ಬಾಯಿಬಿಟ್ಟು ಹೇಳೇ."

ಅತ್ತಿಗೆ ಇಸ್ತ್ರಿ ಮೇಜಿನಿಂದಲೇ ಕೂಗಿದಳು: "ಫೇಲಂತೆ ಮಾವಾ! ಫೇಲು!" ಬೀದಿಗೆಲ್ಲ ಕೇಳಿಸಿತು. ಆಚೆ ಅಂಗಡಿಯವನು ಇಣುಕಿ ನೋಡಿದ.

ಅಪ್ಪ ತಲೆಯಾಡಿಸಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಆಮೇಲೆ ತಾನಾಗಿಯೇ ಮಾತು ತೆಗೆದ. "ನಿನ್ನ ದನಿ ಕೇಳಿ ಎಷ್ಟು ವರ್ಷ ಆಯ್ತೇ. ಚಿಕ್ಕವರಿದ್ದಾಗ ಚಾದರದ ಆಚೆ ನೀನೂ ನಿಮ್ಮಣ್ಣನೂ ಗುಸುಗುಸು ಅಂತಿರ್ತಿದ್ರಲ್ಲ, ಒಂದೊಂದು ಮಾತೂ ನಂಗೆ ಕೇಳ್ಸ್ತಿತ್ತು. ಹಗಲು ಹೊತ್ತು ಯಾರಿಗೆ ನಿದ್ದೆ ಬರತ್ತೆ? ಸುಮ್ನೆ ಕಣ್ಣು ಮುಚ್ಕೊಂಡು ಕೇಳ್ತಾ ಬಿದ್ದಿರ್ತಿದ್ದೆ. ಬಲು ಚೆನ್ನಾಗಿತ್ತು."

ಅವಳು ಅಪ್ಪನ ಮುಖವನ್ನೇ ನೋಡಿದಳು. "ಆಗಲೇ ಹೇಳ್ಬಾರ್ದಿತ್ತಾ ಅಪ್ಪ?"

"ಏನಂದೆ?"

"ಏನಿಲ್ಲ."

"ಏನು?"

ಅವಳು ಎದ್ದು ಹೋದಳು. ಎರಡನೇ ಮೇಜಿನ ಮೇಲೆ ಬಟ್ಟೆಯ ರಾಶಿ ಬಿದ್ದಿತ್ತು. ಅಣ್ಣ ಇಸ್ತ್ರಿಪೆಟ್ಟಿಗೆ ಬಿಸಿಯಾಗಿದೆಯೇ ಎಂದು ಬೆರಳು ಒದ್ದೆ ಮಾಡಿ ಮುಟ್ಟಿ ನೋಡಿ ಅವಳ ಕಡೆ ಸರಿಸಿದ. ನೀರು ಚಿಮುಕಿಸಿದಳು, ಕಾಲರಿನಿಂದ ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಅತ್ತಿಗೆ ಕೈ ನಿಲ್ಲಿಸಿ ನೋಡಿದಳು.

"ಯಾರ ಜೊತೆ ಮಾತಾಡ್ತಿದ್ದೀಯೇ? ಗಿರಾಕಿಗಳು ನೋಡಿದ್ರೆ ಹುಚ್ಚು ಅಂದ್ಕೊಳ್ತಾರೆ. ತುಟಿ ನಿಲ್ಲಿಸು."

ಯಾರದೋ ಅಂಗಿಯಿಂದ ಸಡಿಲಾದ ಗುಂಡಿಯೊಂದು ಮೇಜಿನ ಮೇಲೆ ಉದುರಿತ್ತು. ಪಿಸುಮ್ಮ ಅದನ್ನೆತ್ತಿ ಬಾಯಿಗಿಟ್ಟುಕೊಂಡು ಹಲ್ಲಿನ ನಡುವೆ ಕಚ್ಚಿ ಹಿಡಿದಳು. ತುಟಿ ನಿಂತಿತು. ರಾಶಿಯಿಂದ ಇನ್ನೊಂದು ಅಂಗಿ ಎಳೆದುಕೊಂಡಳು.