ನಮ್ಮ ಎಮ್ಮೆ ತಿಂದ ಕಜ್ಜಾಯ

ಫೋನಿನಲ್ಲಿ ಬರೆದದ್ದನ್ನು ಅಳಿಸುವುದು ಎಷ್ಟು ಸಲೀಸು ನೋಡಿ. ನಾವು ಮಗ್ಗದ ಮನೆಯವರು. ಎಳೆ ತಪ್ಪಿದರೆ ಬಿಚ್ಚಿ ಮತ್ತೆ ನೇಯಬಹುದು, ಆದರೆ ಬಿಚ್ಚಿದ ಜಾಗ ಕೊಂಚ ಸಡಿಲವಾಗಿಯೇ ಉಳಿದು, ತಿಳಿದವರ ಬೆರಳಿಗೆ ಸಿಕ್ಕಿಬೀಳುತ್ತದೆ. ಈ ಯಂತ್ರದಲ್ಲಾದರೋ ಒಂದು ಕಡೆ ಬೆರಳು ಒತ್ತಿ ಹಿಡಿದರೆ ಸಾಕು, ಇಡೀ ಮಧ್ಯಾಹ್ನದ ಸಾಹಿತ್ಯಸೃಷ್ಟಿ ರೆಪ್ಪೆ ಬಡಿಯುವುದರೊಳಗೆ ನಿರ್ನಾಮ. ಮೊಮ್ಮಗಳು ಟೈಪು ಕಲಿಸಿ ಮೂರು ತಿಂಗಳಾಯಿತು. ಮೊದಮೊದಲು ತೋರುಬೆರಳೊಂದೇ ದುಡಿಯುತ್ತಿತ್ತು. ಈಗ ಹೆಬ್ಬೆರಳಿಗೂ ಕೆಲಸ ಕೊಟ್ಟಿದ್ದೇನೆ. ಹಿಂದೂಪುರದ ನಮ್ಮ ಬೀದಿಯಲ್ಲಿ ನನ್ನ ಸಂದೇಶ ಬಾರದ ಫೋನಿಲ್ಲ, ಅದನ್ನು ಓದಿ ಮುಖ ಊದಿಸಿಕೊಳ್ಳದ ಸೊಸೆಯೂ ಇಲ್ಲ.

ಈ ಕೀರ್ತಿ ಕಲ್ಯಾಣದುರ್ಗದವರೆಗೂ ಹಬ್ಬಿದ್ದರಿಂದಲೇ ಪ್ರೇಮಾ ನನಗೆ ಫೋನು ಮಾಡಿದ್ದು. ಪ್ರೇಮಾ ಎಂದರೆ ನಮ್ಮಿಂದ ಎರಡು ಮನೆ ಆಚೆ ನಲವತ್ತು ವರ್ಷ ಬಾಳಿದ ಸುಗುಣಮ್ಮನ ಮಗಳು. ಕಡೆಗಾಲಕ್ಕೆ ಸುಗುಣಮ್ಮ ಮಗಳಿರುವ ಕಲ್ಯಾಣದುರ್ಗ ಸೇರಿದ್ದಳು. ಹೋದ ತಿಂಗಳು ಅಲ್ಲೇ ತೀರಿಕೊಂಡಳು. ಚರ್ಚಿನಲ್ಲಿ ಅವಳ ನೆನಪಿಗೆ ಪ್ರಾರ್ಥನೆ ಇಟ್ಟುಕೊಂಡಿದ್ದರು.

“ದೊಡ್ಡಮ್ಮ, ಅಮ್ಮನ ಬಗ್ಗೆ ನಾಕ್ ಮಾತು ಬರ್ದು ಕಳ್ಸು. ನಾನೇ ಅಲ್ಲಿ ತೆಲುಗಿನಾಗೆ ಹೇಳ್ತೀನಿ. ನಗು ಬರೋ ಹಂಗೆ ಬರಿ, ಅಳೋಕೆ ಇಲ್ಲಿ ಬೇಕಾದಷ್ಟು ಜನ ಅವ್ರೆ” ಅಂದಳು.

ನಗಿಸುವ ಕೆಲಸಕ್ಕೆ ನನ್ನನ್ನು ಎರಡು ಸಲ ಕರೆಯಬೇಕಿಲ್ಲ. ಕೂತು ಬರೆದೆ. ಸುಗುಣಮ್ಮನ ಚರ್ಚಿನ ಹೆಂಗಸರಲ್ಲಿ ಒಂದು ಪದ್ಧತಿ: ದಿನವೂ ಒಲೆಯ ಮೇಲೆ ಎಸರಿಡುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದು ಡಬ್ಬಕ್ಕೆ ಹಾಕಿ, ಭಾನುವಾರ ಚರ್ಚಿಗೆ ಒಯ್ಯುವುದು. ಅವಳು ಈ ಡಬ್ಬವನ್ನು ಜಾತಿಭೇದವಿಲ್ಲದೆ ಬೀದಿಯ ಎಲ್ಲ ಮನೆಗೂ ಅಂಟಿಸಿಬಿಟ್ಟಳು. ಯಾರ ಮನೆಯಲ್ಲಿ ಮಗ್ಗ ನಿಂತಿತೋ, ಯಾರ ಗಂಡ ಹಾಸಿಗೆ ಹಿಡಿದನೋ, ಆ ಮನೆಗೆ ನಮ್ಮ ಹಿಡಿಯಕ್ಕಿಯೆಲ್ಲ ಒಟ್ಟಾಗಿ ಹೋಗುತ್ತಿತ್ತು. ಹುಣಸೆಹಣ್ಣಿನ ಕಾಲದಲ್ಲಿ ಮಂಡಿಗೆ ಬೀಜ ಬಿಡಿಸಲು ಹೋಗುವ ಹೆಂಗಸರ ಕೂಸುಗಳೆಲ್ಲ ಅವಳ ಜಗಲಿಯಲ್ಲೇ ಬೆಳೆದವು. ಮುದುಕಿಯರ ಪಿಂಚಣಿ ಅರ್ಜಿ ಹಿಡಿದು ಆಫೀಸಿಗೆ ಹೋದರೆ, ಗುಮಾಸ್ತರು ಊಟದ ಡಬ್ಬಿ ಮುಚ್ಚಿಟ್ಟು ಎದ್ದು ನಿಲ್ಲುತ್ತಿದ್ದರು. ನನ್ನ ಎರಡನೆಯ ಮಗಳು ಆಸ್ಪತ್ರೆ ತಲುಪುವ ತಾಳ್ಮೆಯಿಲ್ಲದೆ ಜಟಕಾದಲ್ಲೇ ಹುಟ್ಟಿದಾಗ, ಲೋಕದಲ್ಲಿ ಅವಳನ್ನು ಮೊದಲು ಎತ್ತಿಕೊಂಡ ಕೈ ಸುಗುಣಮ್ಮನದು.

ಇದೆಲ್ಲವನ್ನೂ ರಸವತ್ತಾಗಿ ಬರೆದು, ಬರಿಯ ಹೊಗಳಿಕೆ ಸಪ್ಪೆಯಾಯಿತೆಂದು ಕೊನೆಗೊಂದು ಒಗ್ಗರಣೆ ಹಾಕಿದೆ. ಕ್ರಿಸ್‌ಮಸ್ಸಿಗೆ ಅವಳು ವರ್ಷವರ್ಷವೂ ನಮಗೆ ಒಂದು ತಟ್ಟೆ ಕಜ್ಜಾಯ ಕಳಿಸುತ್ತಿದ್ದಳು. ಒಂದು ವರ್ಷ ಇದ್ದಕ್ಕಿದ್ದಂತೆ ಕಜ್ಜಾಯ ನಿಂತು, ಅದೇ ತಟ್ಟೆಯಲ್ಲಿ ಅಕ್ಕಿಹಿಟ್ಟು, ಬೆಲ್ಲ, ಎಳ್ಳು, ಬಟ್ಟಲಲ್ಲಿ ತುಪ್ಪ ಬಂದವು. “ಏನಮ್ಮಣ್ಣಿ, ಪಾಕ ಹಿಡಿಯೋಕೆ ಸೋಮಾರಿತನ ಬಂದ್ಬುಡ್ತಾ?” ಅಂತ ರೇಗಿಸಿದ್ದೆ. “ನಿನ್ ಕೈಯಾಗೆ ಚೆಂದಾಗಿ ಬತ್ತದೆ ಕಣಕ್ಕ, ನೀನೇ ಮಾಡ್ಕೊ” ಎಂದು ನಕ್ಕಿದ್ದಳು. ಇಡೀ ಊರಿಗೆ ದುಡಿಯುವವಳು ನಮ್ಮ ಕಜ್ಜಾಯದ ಪಾಲಿಗೆ ಮಾತ್ರ ಸೋಮಾರಿಯಾದಳೆಂದು ಬೀದಿಯಲ್ಲೆಲ್ಲ ಸಾರಿದ್ದೆ. ಅದನ್ನೇ ಬರೆದು ಕಳಿಸಿದೆ.

ಓದುಗರೇ, ಬರೆಯದೆ ಬಿಟ್ಟದ್ದನ್ನು ನಿಮಗಾದರೂ ಹೇಳಬೇಕು. ಆ ಕಜ್ಜಾಯಗಳನ್ನು ನಾವು ಒಂದು ವರ್ಷವೂ ತಿಂದಿರಲಿಲ್ಲ. ಅವಳು ಹಸಿಯಾಗಿ ಕೊಟ್ಟರೆ ಮುಟ್ಟುತ್ತಿದ್ದೆವು, ಬೇಯಿಸಿ ಕೊಟ್ಟದ್ದನ್ನು ಬಾಯಿಗಿಡುತ್ತಿರಲಿಲ್ಲ. ನಗುತ್ತ ತಟ್ಟೆ ಇಸಿದುಕೊಂಡು, ಘಮಘಮವನ್ನು ಕೊಂಡಾಡಿ, ಅವಳ ಬೆನ್ನು ಮರೆಯಾದ ಮೇಲೆ ಹಿತ್ತಿಲಿನ ಎಮ್ಮೆಗೆ ಸುರಿಯುತ್ತಿದ್ದೆ. ಹಿಂದೂಪುರದಲ್ಲಿ ಭಕ್ತಿಯಿಂದ ಕ್ರಿಸ್‌ಮಸ್ ಆಚರಿಸಿದ ಎಮ್ಮೆ ನಮ್ಮದೊಂದೇ ಇರಬೇಕು. ನಮ್ಮತ್ತೆಯ ಕಟ್ಟಳೆ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಅತ್ತೆ ಸತ್ತ ಮೇಲೂ ಎಮ್ಮೆ ತಿನ್ನುತ್ತಲೇ ಇತ್ತು. ನನ್ನ ಮಗುವಿನ ಮೈ ತೊಳೆದ ಕೈ ಅದು; ಅದೇ ಕೈ ಕರಿದ ಕಜ್ಜಾಯಕ್ಕೆ ನನ್ನ ನಾಲಿಗೆಯಲ್ಲಿ ಜಾಗವಿರಲಿಲ್ಲ.

ಮಾರನೆಯ ದಿನ ಪ್ರೇಮಾ ಫೋನು ಮಾಡಿದಳು. ಗುಮಾಸ್ತರ ಕಥೆಗೆ ಬಿದ್ದುಬಿದ್ದು ನಕ್ಕಳು. ಆಮೇಲೆ ದನಿ ತಗ್ಗಿತು.

“ದೊಡ್ಡಮ್ಮ, ಆ ಸೋಮಾರಿ ಮಾತೊಂದು ತೆಗ್ದುಬಿಡ್ಲಾ?”

“ಯಾಕೆ? ಅದೇ ಕಣೆ ಚೆನ್ನಾಗಿರೋದು.”

“ಅಮ್ಮ ಸೋಮಾರಿ ಆಗಿರ್ಲಿಲ್ಲ. ಹಿಟ್ಟು ಬೆಲ್ಲ ಕಳ್ಸೋಕೆ ಮುಂಚಿನ ವರ್ಷ ಕ್ರಿಸ್‌ಮಸ್ ದಿನ ಚರ್ಚಿನ ಊಟಕ್ಕೆ ದೊಡ್ಡ ಸೌಟು ಬೇಕು ಅಂತ ನಾನೂ ಅಮ್ಮನೂ ನಿಮ್ಮ ಹಿತ್ಲಿಂದ ಬಂದ್ವಿ. ಎಮ್ಮೆಯ ಕಲಗಚ್ಚಿನ ಬಾನಿಯಾಗೆ ಕಜ್ಜಾಯ ತೇಲ್ತಾ ಇದ್ವು. ನಾನು ಕೂಗೋಕೆ ಹೋದ್ರೆ ಅಮ್ಮ ಬಾಯಿ ಮುಚ್ಚಿದ್ಲು. ಹಿಂದಕ್ಕೆ ಹೋಗಿ, ಬೀದಿ ಸುತ್ಕೊಂಡು, ಮುಂಬಾಗ್ಲಾಗೆ ನಿಂತ್ಕೊಂಡು ‘ಅಕ್ಕಾ, ಇದ್ದೀಯಾ’ ಅಂದ್ಲು.”

ನನಗೆ ನೆನಪಿತ್ತು. ಸೌಟು ಕೊಡುತ್ತ ನಾನು ಹೇಳಿದ ಮಾತೂ ನೆನಪಿತ್ತು: “ಈ ವರ್ಷದ ಪಾಕ ಭಾರೀ ಹದ ಕಣಮ್ಮ, ಬಾಯಾಗಿಟ್ರೆ ಕರಗೋಯ್ತದೆ.”

“ಅವ್ರಿಗೆ ಇನ್ಮೇಲೆ ಏನೂ ಕೊಡಬ್ಯಾಡ ಅಂತ ಜಗಳ ಆಡ್ದೆ” ಎಂದಳು ಪ್ರೇಮಾ. “‘ಹಬ್ಬದಿನ ಆ ಬಾಗ್ಲು ದಾಟಿ ಮುಂದಿನ ಮನೆಗೆ ಹೆಂಗೆ ಹೋಗ್ಲಿ? ಅವ್ಳು ತಿನ್ನೋ ಹಂಗೆ ಕೊಟ್ರಾಯ್ತು ಬಿಡು. ನೀನು ಯಾರ್ಗೂ ಹೇಳ್ಬ್ಯಾಡ, ಅವ್ಳಿಗೆ ನಾಚ್ಕೆ ಆಯ್ತದೆ’ ಅಂದ್ಲು.”

ನಾಚಿಕೆಯಾಗಬೇಕಾದವಳು ನಾನು, ಅದನ್ನು ಇಷ್ಟು ವರ್ಷ ಜೋಪಾನ ಮಾಡಿದವಳು ಅವಳು. ಆ ಹಸಿ ಸಾಮಾನಿನಲ್ಲಿ ನಾನು ಕಜ್ಜಾಯ ಮಾಡಿ ಅವಳಿಗೇ ಒಂದು ತಟ್ಟೆ ಕಳಿಸುತ್ತಿದ್ದೆ. ಅವಳು ನನ್ನೆದುರಿಗೇ ನಿಂತು ತಿನ್ನುತ್ತಿದ್ದಳು.

ಇಂಥ ಗಳಿಗೆಯಲ್ಲಿ ಮಾನವಂತರು ಏನು ಹೇಳುತ್ತಿದ್ದರೋ, ನಾನು ಹೇಳಿದ್ದು ಇಷ್ಟೇ: “ತೆಗ್ದುಬಿಡಮ್ಮ.” ಸತ್ಯ ಬರೆಯುವ ಬದಲು ಸುಳ್ಳನ್ನು ಅಳಿಸಿ ಕೈ ತೊಳೆದುಕೊಂಡೆ.

ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದೆ. ಚರ್ಚಿನಲ್ಲಿ ಪ್ರೇಮಾ ನನ್ನ ಬರಹವನ್ನು ಹೇಳುತ್ತಿದ್ದಂತೆ ಜನ ನಕ್ಕರು, ಕಣ್ಣೊರೆಸಿಕೊಂಡರು, ತಿರುಗಿ ತಿರುಗಿ ನನ್ನನ್ನು ನೋಡಿದರು. “ಎಂಥ ಸ್ನೇಹ ತಾಯಿ ನಿಮ್ಮದು!” ಎಂದು ಒಬ್ಬಾಕೆ ನನ್ನ ಕೈ ಹಿಡಿದುಕೊಂಡಳು. ಆ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲಿ ಅವಿತಿಟ್ಟೆ.

ಪ್ರಾರ್ಥನೆ ಮುಗಿದು, ಶಾಮಿಯಾನದ ಕೆಳಗೆ ಊಟಕ್ಕೆ ಎಲೆ ಹಾಕಿದರು. ನಾನು ದೂರ ಕುರ್ಚಿಯಲ್ಲಿ ಕುಳಿತಿದ್ದೆ. ಪ್ರೇಮಾ ಸದ್ದಿಲ್ಲದೆ ಬಂದು ನಾಲ್ಕು ಬಾಳೆಹಣ್ಣು, ಬಿಸ್ಕತ್ತಿನ ಬಿಚ್ಚದ ಪೊಟ್ಟಣವೊಂದನ್ನು ಪಕ್ಕದಲ್ಲಿಟ್ಟು, ಏನೂ ಆಗದವಳಂತೆ ಹೊರಟಳು. ತಾಯಿಯ ಥರವೇ, ನಾನು ತಿನ್ನುವ ಹಾಗೆ ಕೊಟ್ಟಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ; ಈ ಬಾಳೆಹಣ್ಣನ್ನು ತಡೆದುಕೊಳ್ಳಲಾಗಲಿಲ್ಲ.

“ಪ್ರೇಮಾ, ನಂಗೂ ಎಲೆ ಹಾಕೆ.”

ಅವಳು ನಿಂತು ನನ್ನ ಮುಖ ನೋಡಿದಳು. “ಬ್ಯಾಡ ಬಿಡು ದೊಡ್ಡಮ್ಮ. ಅಮ್ಮ ಸತ್ತೋದ್ಲು ಅಂತ ತಿನ್ನಬ್ಯಾಡ.”

ಪ್ರಾಯಶ್ಚಿತ್ತದ ದೊಡ್ಡ ಮಾತೊಂದನ್ನು ಹುಡುಕಿದೆ, ಸಿಗಲಿಲ್ಲ. “ಹಸಿವಾಯ್ತದೆ ಕಣೆ” ಎಂದೆ. ಅದು ನಿಜವೂ ಆಗಿತ್ತು.

ಪಂಕ್ತಿಯಲ್ಲಿ ಕೂತೆ. ನಾನೇನೋ ಮಹತ್ಕಾರ್ಯಕ್ಕೆ ಕೈ ಹಾಕಿದ್ದೇನೆಂದುಕೊಂಡಿದ್ದೆ. ಬಡಿಸುವ ಹೆಂಗಸಿಗೆ ಕಂಡದ್ದು ಮಾತ್ರ ಬಸ್ಸಿಳಿದು ಬಂದ ಒಬ್ಬ ಮುದುಕಿ. “ಜರುಗವ್ವ ಆ ಕಡೆ, ಇನ್ನೊಬ್ರು ಕೂತ್ಕೊಳ್ಳಿ. ಸಾರು ಬಿಸಿ ಅದೆ, ಸುಟ್ಕೊಂಡೀಯ” ಎಂದು ಗದರಿ ಮುಂದೆ ಹೋದಳು. ಎರಡು ಮನೆ ದಾಟಲು ನನಗೆ ನಲವತ್ತು ವರ್ಷ ಹಿಡಿದಿತ್ತು. ಇಲ್ಲಿ ಒಂದು ಗೇಣು ಜರುಗಿದ್ದಕ್ಕೇ ಜಾಗವಾಗಿತ್ತು. ಕಲಸಿ ತಿಂದೆ. ಎರಡನೆಯ ಸಲ ಅನ್ನ ಹಾಕಿಸಿಕೊಂಡೆ.

ಕೈ ತೊಳೆಯುವಾಗ ಪ್ರೇಮಾ ಚೊಂಬಿನಿಂದ ನೀರು ಹುಯ್ದಳು. “ಹೆಂಗಿತ್ತು ದೊಡ್ಡಮ್ಮ?”

ಹೊಗಳಿಕೆ ಅಭ್ಯಾಸಬಲದಿಂದ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

“ಅನ್ನ ಚೆನ್ನಾಗಿತ್ತು. ಸಾರಿಗೆ ಉಪ್ಪು ಕಮ್ಮಿ ಆಗಿತ್ತು ಕಣೆ.”

“ಅಯ್ಯೋ, ನಿಜಾನಾ?” ಎಂದು ಅವಳು ಚೊಂಬನ್ನು ಅಲ್ಲೇ ಇಟ್ಟು, ಉಪ್ಪಿನ ಡಬ್ಬ ಹುಡುಕಿಕೊಂಡು ಒಲೆಯ ಕಡೆಗೆ ಓಡಿದಳು.