ಜಂಬಮ್ಮನ ಮನೆಯ ಕೊರಗು

ನಮ್ಮ ಗಾದಿಗನೂರಿನಲ್ಲಿ ಕೊರಗು ಎಂಬ ಮಾತಿಗೆ ಯಾರೂ ಅರ್ಥ ಕೇಳುವುದಿಲ್ಲ. ನೀರು ಕಾಣದ ಬದನೆ ಗಿಡ ಕೊರಗುತ್ತದೆ, ತಮ್ಮ ಹುಟ್ಟಿದನೆಂದು ಮೊಲೆ ಬಿಡಿಸಿದ ಕೂಸು ಕೊರಗುತ್ತದೆ. ಅತ್ತರೆ ದುಃಖ ಹಗುರಾಗುತ್ತದೆ. ಕೊರಗು ಹಾಗಲ್ಲ, ಒಳಗೇ ಕೂತು ಮೈಯನ್ನು ತಿನ್ನುತ್ತದೆ. ಪಕ್ಕದ ಮನೆಯ ಜಂಬಮ್ಮನಿಗೆ ಆ ಮಾತೆಂದರೆ ದೆವ್ವದ ಹೆಸರು ಕೇಳಿದಷ್ಟು ಭಯ.

ಎಮ್ಮೆ ಕಟ್ಟಿ, ಹೊಸಪೇಟೆಯ ಹೋಟೆಲುಗಳಿಗೆ ಹಾಲು ಹಾಕಿ ಮಗನನ್ನು ಬೆಳೆಸಿದ ಗಟ್ಟಿ ಹೆಂಗಸು ಅವಳು. ಯಾರ ಮಾತೂ ಕೇಳುವವಳಲ್ಲ. ಹೋದ ವರ್ಷ ಸೊಸೆ ತ್ರಿವೇಣಿಯ ಕೂಸು ಹೆರಿಗೆಯಲ್ಲೇ ತೀರಿಕೊಂಡಿತು. ಮುಖ ನೋಡಿದರೆ ಬಾಣಂತಿ ಕೊರಗುತ್ತಾಳೆಂದು, ಅವಳಿಗೆ ಎಚ್ಚರವಾಗುವ ಮೊದಲೇ ಜಂಬಮ್ಮ ಕೂಸನ್ನು ಮಣ್ಣು ಮಾಡಿಸಿ ಬಂದಳು. ಹಿರಿಯರು ಮಾಡುತ್ತ ಬಂದದ್ದೇ ಅದು. ನಾವೂ ಸರಿ ಎಂದೆವು. ಆಮೇಲೆ ಆ ಮನೆಯಲ್ಲಿ ಕೂಸಿನ ಸುದ್ದಿ ಎತ್ತುವಂತಿರಲಿಲ್ಲ. ತ್ರಿವೇಣಿ ಸಗಣಿ ಬಾಚಿದಳು, ರೊಟ್ಟಿ ತಟ್ಟಿದಳು, ಅಳಲಿಲ್ಲ. ಸೊಸೆ ಸುಧಾರಿಸಿದಳೆಂದು ಜಂಬಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು. ನನಗೆ ಮಾತ್ರ ಆ ಹುಡುಗಿಯ ಕಣ್ಣು ನೋಡಿದರೆ ಹಾಗನ್ನಿಸುತ್ತಿರಲಿಲ್ಲ.

ಈ ಮಳೆಗಾಲದಲ್ಲಿ ಎಮ್ಮೆಯ ಕರು ಸತ್ತಿತು. ಎಮ್ಮೆ ಮೇವು ಮುಟ್ಟಲಿಲ್ಲ, ಹಾಲಿಳಿಸಲಿಲ್ಲ. ಜಂಬಮ್ಮ ಹಳೆಯ ಪದ್ಧತಿಯಂತೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ, ಹೊಲಿಸಿ, ಎಮ್ಮೆಯ ಮುಂದೆ ನಿಲ್ಲಿಸಿದಳು. ಎಮ್ಮೆ ಮೂಸಿತು, ನೆಕ್ಕಿತು, ಹಾಲು ಬಿಟ್ಟಿತು. ನಾನು ಹಾಲಿಗೆಂದು ಹೋದಾಗ ತ್ರಿವೇಣಿ ಕಂಬ ಹಿಡಿದು, ಕಣ್ಣಿಲ್ಲದ ಆ ಕರುವನ್ನೇ ನೋಡುತ್ತ ನಿಂತಿದ್ದಳು.

“ಎಮ್ಮಿ ಕೊರಗ್ತೈತಂತ ಸತ್ತ ಕರಾನ ತಂದು ನಿಲ್ಸೀರಿ,” ಎಂದಳು, ಹಾಲು ಕರೆಯುತ್ತಿದ್ದ ಅತ್ತೆಗೆ. “ನನಗ ಒಂದ್ ಸಲ ಮುಖ ತೋರಿಸ್ಬೇಕು ಅನ್ನಿಸ್ಲಿಲ್ಲೇನ್ರಿ ಅತ್ತಿ? ಕಣ್ಮುಚ್ಚಿದ್ರ ಸಾಕು, ಮುಖ ಇಲ್ಲದ ಕೂಸು ಬರ್ತೈತ್ರಿ.”

ಜಂಬಮ್ಮನ ಕೈ ಕೆಚ್ಚಲ ಮೇಲೆಯೇ ನಿಂತಿತು. ಈಗ ಬೈಗುಳ ಶುರುವಾಗುತ್ತದೆ ಎಂದುಕೊಂಡೆ. ಅವಳು ತಿರುಗಿ ಕೂಡ ನೋಡಲಿಲ್ಲ.

“ನನಗ ಮುಖ ಇರೋ ಕೂಸು ಬರ್ತೈತಿ,” ಎಂದಳು. “ದಿನಾ ಬರ್ತೈತಿ. ತಲಿ ತುಂಬ ಕೂದ್ಲು. ಗದ್ದ ನಿಂದ ಐತಿ.”

ಆಮೇಲೆ ತ್ರಿವೇಣಿ ಹೋಗಿ ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಇನ್ನೊಮ್ಮೆ ಹೇಳಿರೆಂದಳು. ಜಂಬಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಹಣೆಯಿಂದ ಶುರುಮಾಡಿ ನಿಧಾನವಾಗಿ ಹೇಳತೊಡಗಿದಳು.