ದೊಡ್ಡಗೆರೆಯ ಆಚೆ

ಮಹದೇವಪುರದ ಬೇಸ್‌ಬಾಲ್ ಸ್ಟೇಡಿಯಂನಲ್ಲಿ ಸುಣ್ಣದ ಗೆರೆ ಹಾಕುವವಳು ಮಾನಮ್ಮ. ಯಾದಗಿರಿ ಕಡೆಯಿಂದ ಗ್ಯಾಲರಿ ಕಟ್ಟುವ ಕೆಲಸಕ್ಕೆ ಬಂದವಳು, ಕಟ್ಟಡ ಮುಗಿದ ಮೇಲೂ ಇಲ್ಲೇ ಉಳಿದಳು. ಅವಳು ಹಾಕುವ ಗೆರೆಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಮೈದಾನದ ಹೊರ ಅಂಚಿನ ಬಾಗಿದ ಗೆರೆ. ಚೆಂಡು ನೆಲಕ್ಕೆ ತಾಗದೆ ಅದನ್ನು ದಾಟಿದರೆ ಹೋಮ್‌ರನ್, ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ. ಅವಳ ಬಾಯಲ್ಲಿ ಅದು ‘ದೊಡ್ಡಗೆರಿ’. ಅದರ ಆಚೆ, ತಂತಿಬೇಲಿಯ ಹಿಂದೆ, ಅವಳೂ ಮಗಳು ಕಾವೇರಿಯೂ ಇದ್ದ ತಗಡಿನ ಕೋಣೆ.

ಕಾವಲುಗಾರ ಮುನಿರಾಜ್ ಇದೇ ಊರಿನವರು. ಮೊದಲ ವರ್ಷವೇ ಅವಳಿಗೆ ಹೇಳಿದ್ದರು: “ಜೋರು ಮಳೆ ಬಂದ್ರೆ ದೊಡ್ಡಗೆರೆ ಒಳಗೆ ಇರ್ಬೇಡ ಕಣಮ್ಮ. ನಮ್ಮ ತಾತನ ಕಾಲದ್ದು ಅದು.”

“ನಿಮ್ ತಾತನೂ ಬೇಸ್‌ಬಾಲ್ ಆಡ್ತಿದ್ರೇನ್ರೀ?”

“ಆಡ್ತಿದ್ದ, ಎಮ್ಮೆಗಳ ಜೊತೆ.”

ಇಬ್ಬರೂ ನಕ್ಕರು. ಅಂದಿನಿಂದ ಮಳೆ ಹನಿದರೆ ಸಾಕು, ಮಾನಮ್ಮ ಮಗಳನ್ನು ಗೆರೆಯ ಆಚೆ, ಕೋಣೆಯೊಳಗೆ ಕೂರಿಸುತ್ತಿದ್ದಳು.

ಕಳೆದ ಸೆಪ್ಟೆಂಬರಿನ ಒಂದು ಸಂಜೆ ಮಳೆಗೆ ಪಂದ್ಯ ಅರ್ಧಕ್ಕೆ ನಿಂತಿತು. ಅಂಕ ಬರೆಯುತ್ತಿದ್ದ ನಾನು, ಮಾನಮ್ಮ, ಮುನಿರಾಜ್ ಗ್ಯಾಲರಿಯಲ್ಲಿದ್ದೆವು. ಜ್ವರ ಬಂದಿದ್ದ ಕಾವೇರಿ ಕೋಣೆಯಲ್ಲಿ ಮಲಗಿದ್ದಳು. ನೀರು ರಸ್ತೆಯಿಂದ ಹರಿದು ಬರಲಿಲ್ಲ. ಹುಲ್ಲಿನ ಬುಡದಿಂದ, ಸದ್ದಿಲ್ಲದೆ, ಎಲ್ಲ ಕಡೆ ಒಟ್ಟಿಗೆ ಮೇಲೆದ್ದಿತು. ಆಮೇಲೆ ಆ ಬಾಗಿದ ಬಿಳಿ ಗೆರೆ ನೆಲ ಬಿಟ್ಟು ತೇಲಿತು. ನಯವಾದ ಪುಡಿ ಸ್ವಲ್ಪ ಹೊತ್ತು ನೀರಿನ ಮೇಲೆ ನಿಲ್ಲಬಲ್ಲದು, ಅದು ಸರಿ. ಆದರೆ ಆಕಾರ ಕೆಡದೆ ಅದು ಬೇಲಿಯನ್ನು ನುಸುಳಿ ಕೋಣೆಯತ್ತ ಸರಿದದ್ದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ.

“ದೊಡ್ಡಗೆರಿ ನಡ್ಯಾಕತ್ತೈತ್ರೀ,” ಎಂದಳು ಮಾನಮ್ಮ, ಬಹಳ ಮೆಲ್ಲಗೆ.

ಮುನಿರಾಜ್ ಅವಳ ಮುಖ ನೋಡಿದರು. “ಗೆರೆ ಅಲ್ಲಮ್ಮ. ಕೆರೆ. ದೊಡ್ಡ ಕೆರೆ. ಸ್ಟೇಡಿಯಂ ಕಟ್ಟಿರೋದೇ ಅದರೊಳಗೆ. ನಿನ್ನ ರೂಮೂ…”

ಅವರು ಮುಗಿಸುವ ಮೊದಲೇ ಅವಳು ನೀರಿಗೆ ಇಳಿದಿದ್ದಳು. ನಾವೂ ಹಿಂದೆ ಓಡಿದೆವು. ಕಾವೇರಿ ಮಂಚದ ಮೇಲೆ ಕಾಲು ಮಡಚಿ ಕೂತು ಬಾಗಿಲನ್ನೇ ನೋಡುತ್ತಿದ್ದಳು. ನೀರು ಮಂಚದ ಪಟ್ಟಿಗೆ ಮುಟ್ಟಿತ್ತು.

“ಅವ್ವಾ, ಹೊರಗ ಎಮ್ಮಿ ಬಂದಾವು. ನೀರಾಗ ಕುಂತು ಉಸಿರು ಬಿಡಾಕತ್ತಾವು.”

ಜ್ವರದ ಮಾತು ಎಂದುಕೊಂಡೆವು. ಆ ಸುತ್ತ ಎಮ್ಮೆ ಸಾಕುವವರು ಯಾರೂ ಇಲ್ಲ. ಮಾನಮ್ಮ ಅವಳನ್ನು ಹೆಗಲಿಗೇರಿಸಿಕೊಂಡು ರಸ್ತೆಯ ಏರಿಗೆ ಬಂದಳು. ಅದು ಹಳೆಯ ಕೆರೆಯ ಏರಿಯೇ. ನೀರು ಅಲ್ಲಿಗೇ ನಿಂತಿತು.

ಈಗ ತಾಯಿ, ಮಗಳು ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದಾರೆ. ಗೆರೆ ಹಾಕುವವಳು ಈಗಲೂ ಮಾನಮ್ಮನೇ. ಮುಗಿದ ಮೇಲೆ ಸುಣ್ಣದ ಗಾಡಿಯನ್ನು ಮೈದಾನದ ನಲ್ಲಿಯಲ್ಲಿ ತೊಳೆಯುವುದಿಲ್ಲ, ಏರಿಯ ಆಚೆಗೆ ತಳ್ಳಿಕೊಂಡು ಹೋಗುತ್ತಾಳೆ. ಏಕೆಂದು ಕೇಳಿದೆ.

“ನೀರು ಕಂಡ್ರ ಕೆರಿಗೆ ನೆನಪಾಗ್ತೈತ್ರೀ.”